ಜಾಣಕಿವುಡಲ್ಲ, ಜೇನು ತುಂಬಿದ ದುಡಿ

ಕೇಳಿಸಿದರೂ ಕೇಳಿಸದಂತೆ ಕೂರುವುದಕ್ಕೆ ಕನ್ನಡದಲ್ಲಿ ‘ಜಾಣಕಿವುಡು’ ಎಂಬ ಚುರುಕಾದ ಪದವಿದೆ. ದೊಡ್ಡವರ ಬಗ್ಗೆ ಆಡುವಾಗ ಅದು ಚೆನ್ನ. ನಾಲ್ಕು ವರ್ಷದ ಮಗುವಿಗೆ ಅದೇ ಪದವನ್ನು ಅಂಟಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕಳೆದ ಆಗಸ್ಟ್‌ನಲ್ಲಿ ಸೋಮವಾರಪೇಟೆ ಬಳಿಯ ತಂಗಿಯ ಮನೆಗೆ ಹೋಗಿದ್ದೆ. ಅಡುಗೆಮನೆಯಿಂದ ಅವಳು ಮೂರು ಸಲ ಕೂಗಿದರೂ ಜಗಲಿಯಲ್ಲಿ ಆಡುತ್ತಿದ್ದ ಮಗ ತಲೆಯೆತ್ತಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಪಕ್ಕದಲ್ಲಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದೆವು, ಥಟ್ಟನೆ ತಿರುಗಿದ. “ನೋಡಿದೆಯಾ ಅಕ್ಕಾ, ಬೇಕಾದದ್ದು ಮಾತ್ರ ಕೇಳಿಸುತ್ತದೆ” ಎಂದಳು ತಂಗಿ. ಅವಳ ಅತ್ತೆ ಹಿಂದಿನಿಂದ ಚಪ್ಪಾಳೆ ತಟ್ಟಿ ನೋಡಿದರು. ಅದಕ್ಕೂ ತಿರುಗಿದ. “ಕಿವಿ ಸರಿಯಾಗಿಯೇ ಇದೆ, ಹಟ ಜಾಸ್ತಿ” ಎಂದು ತೀರ್ಪಾಯಿತು.

ಈ ಚಪ್ಪಾಳೆ ಪರೀಕ್ಷೆಯಷ್ಟು ದಾರಿ ತಪ್ಪಿಸುವ ಪರೀಕ್ಷೆ ಇನ್ನೊಂದಿಲ್ಲ. ಒಂದು ಮೀಟರ್ ದೂರದಿಂದ ಸಹಜವಾಗಿ ಆಡಿದ ಮಾತು ಸುಮಾರು 60 ಡೆಸಿಬೆಲ್ ಇರುತ್ತದೆ. ದೂರ ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಎಂಟು ಮೀಟರ್ ಆಚೆಯ ಜಗಲಿಗೆ ತಲುಪುವಾಗ ಉಳಿಯುವುದು 42. ಮಗುವಿನ ಕಿವಿಯೊಳಗೆ ದ್ರವ ನಿಂತು 25–30 ಡೆಸಿಬೆಲ್ ನುಂಗಿದರೆ ಮಿಕ್ಕಿದ್ದು ಪಿಸುಮಾತಿಗಿಂತಲೂ ಕಡಿಮೆ. ಅದರ ಮೇಲೆ ಶೀಟಿನ ಮಾಡಿಗೆ ಬೀಳುವ ಕೊಡಗಿನ ಮಳೆ! ಅದೇ ಹತ್ತಿರದಿಂದ ತಟ್ಟಿದ ಚಪ್ಪಾಳೆ ಮಾತಿಗಿಂತ ಎಷ್ಟೋ ಜೋರು. 30 ಡೆಸಿಬೆಲ್ ಕಳೆದರೂ ಕೇಳಿಸುತ್ತದೆ. ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ್ದೂ ಪಕ್ಕದಲ್ಲೇ ತಾನೆ? ಆ ಹುಡುಗ ಬೇಕಾದದ್ದನ್ನು ಆರಿಸಿಕೊಂಡಿರಲಿಲ್ಲ, ಹತ್ತಿರವಿದ್ದದ್ದನ್ನು ಕೇಳಿಸಿಕೊಂಡಿದ್ದ.

ದ್ರವ ನಿಂತರೆ ಕೇಳುವುದು ಏಕೆ ಕುಗ್ಗುತ್ತದೆ? ನನಗೆ ಬಲು ಪ್ರಿಯವಾದ ಯಂತ್ರವೊಂದು ಇಲ್ಲಿದೆ. ಸದ್ದು ಬರುವುದು ಗಾಳಿಯಲ್ಲಿ, ಆದರೆ ಅದನ್ನು ಗ್ರಹಿಸುವ ಒಳಕಿವಿಯಲ್ಲಿರುವುದು ದ್ರವ. ಗಾಳಿಯಿಂದ ನೀರಿಗೆ ನೇರವಾಗಿ ಬಡಿದ ಸದ್ದಿನ ಶಕ್ತಿಯಲ್ಲಿ 99.9 ಶೇಕಡಾ ಹಿಂದಕ್ಕೆ ಪುಟಿಯುತ್ತದೆ. ಕಾವೇರಿಯಲ್ಲಿ ಮುಳುಗು ಹಾಕಿದವನಿಗೆ ದಡದ ಮೇಲಿನವರ ಮಾತು ಕೇಳಿಸದಿರುವುದು ಇದರಿಂದಲೇ. ಈ ತೊಡಕನ್ನು ಬಿಡಿಸುವುದು ಮಧ್ಯಕಿವಿ. ಮೊಳೆಯನ್ನು ನೆನೆಯಿರಿ: ತಲೆ ಅಗಲ, ತುದಿ ಚೂಪು, ಹಾಗಾಗಿ ತಲೆಗೆ ಕೊಟ್ಟ ಪೆಟ್ಟು ತುದಿಯಲ್ಲಿ ಒಟ್ಟುಗೂಡಿ ಮರವನ್ನು ಸೀಳುತ್ತದೆ. ಕಿವಿಯ ತಮಟೆ ಆ ಮೊಳೆಯ ತಲೆ. ಒಳಕಿವಿಯ ಪುಟ್ಟ ಕಿಟಕಿ ಅದರ ತುದಿ. ವಿಸ್ತೀರ್ಣದಲ್ಲಿ ಸುಮಾರು 17 ಪಟ್ಟು ಅಂತರ. ನಡುವೆ ಮೂರು ಎಲುಬುಗಳು ಹಾರೆಯಿಂದ ಕಲ್ಲು ಮೀಟುವಂತೆ ಮೀಟಿ ಇನ್ನೊಂದು 1.3 ಪಟ್ಟು ಸೇರಿಸುತ್ತವೆ. ಒಟ್ಟು 22 ಪಟ್ಟು ಒತ್ತಡ! ಅವುಗಳಲ್ಲಿ ಕೊನೆಯದಾದ ರಿಕಾಪು ಎಲುಬು ಮೂರು ಮಿಲಿಮೀಟರಿನಷ್ಟು. ದೇಹದಲ್ಲೇ ಅತಿ ಚಿಕ್ಕದು.

ಇದೆಲ್ಲ ನಡೆಯಬೇಕಾದರೆ ತಮಟೆಯ ಹಿಂದೆ ಗಾಳಿ ಇರಲೇಬೇಕು. ಪುತ್ತರಿಯಲ್ಲಿ ಬಾರಿಸುವ ದುಡಿಯ ಹೊಟ್ಟೆಯೊಳಗೆ ಕಾಡುಜೇನು ತುಂಬಿಸಿ ಬಾರಿಸಿದರೆ ಹೇಗೆ? ಚರ್ಮ ಹರಿದಿಲ್ಲ, ಹಗ್ಗ ಸಡಿಲವಾಗಿಲ್ಲ, ಆದರೂ ನಾದವಿಲ್ಲ. ವೈದ್ಯರು ‘ಗ್ಲೂ ಇಯರ್’ ಎನ್ನುವುದು ಇದನ್ನೇ.

ಆ ಗಾಳಿಯನ್ನು ಪೂರೈಸುವ ದಾರಿ ಸುಳ್ಯದಿಂದ ಮಡಿಕೇರಿಗೆ ಬಸ್ಸಿನಲ್ಲಿ ಬಂದ ಎಲ್ಲರಿಗೂ ಗೊತ್ತು. ಸಂಪಾಜೆ ದಾಟಿ ಘಾಟಿ ಏರುವಾಗ ಕಿವಿ ಗಪ್ಪೆಂದು ಮುಚ್ಚಿಕೊಳ್ಳುತ್ತದೆ, ಉಗುಳು ನುಂಗಿದರೆ ತೆರೆದುಕೊಳ್ಳುತ್ತದೆ. ತೆರೆಯುವುದು ಮೂಗಿನ ಹಿಂಬದಿಗೂ ಮಧ್ಯಕಿವಿಗೂ ನಡುವಿನ ಯೂಸ್ಟೇಷಿಯನ್ ನಾಳ. 1560ರ ದಶಕದಲ್ಲಿ ಅದನ್ನು ವಿವರಿಸಿದ ಇಟಲಿಯ ಯೂಸ್ಟಾಕಿಯ ಹೆಸರೇ ಅದಕ್ಕೆ ನಿಂತಿದೆ. ದೊಡ್ಡವರಲ್ಲಿ ಅದು ಇಳಿಜಾರಾಗಿರುತ್ತದೆ. ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡ. ಶೀತವಾಗಿಯೋ ಮೂಗಿನ ಹಿಂದಿನ ಅಡೆನಾಯ್ಡ್ ಎಂಬ ಅಂಗಾಂಶ ಊದಿಯೋ ನಾಳ ಕಟ್ಟಿದರೆ, ಒಳಗಿದ್ದ ಗಾಳಿಯನ್ನು ಅಲ್ಲಿನ ಪೊರೆಯೇ ಹೀರಿಕೊಳ್ಳುತ್ತದೆ. ಬರಿದಾದ ಜಾಗಕ್ಕೆ ದ್ರವ ಒಸರುತ್ತದೆ, ಬರಬರುತ್ತಾ ಗಟ್ಟಿಯಾಗುತ್ತದೆ. ಸಾಮಾನ್ಯವಾಗಿ ನೋವಿಲ್ಲ, ಜ್ವರವಿಲ್ಲ, ಕಿವಿ ಸೋರುವುದಿಲ್ಲ. ಶೀತ ಕಡಿಮೆಯಾದ ವಾರ ಚೆನ್ನಾಗಿ ಕೇಳಿಸುತ್ತದೆ, ಮತ್ತೆ ಮೂಗು ಕಟ್ಟಿದ ವಾರ ಕೇಳಿಸುವುದಿಲ್ಲ. ‘ನಿನ್ನೆ ಕೇಳಿಸಿತ್ತು, ಇವತ್ತು ಏನಾಯಿತು?’ ಎಂದು ನಾವು ಗದರುತ್ತೇವೆ. ಆ ಏರಿಳಿತ ಹಟದ ಸಾಕ್ಷಿಯಲ್ಲ, ಕಾಯಿಲೆಯದೇ ಗುರುತು.

ಅತ್ತೆಯವರು ಅಷ್ಟರಲ್ಲೇ ಬೆಳ್ಳುಳ್ಳಿ ಹಾಕಿ ಎಣ್ಣೆ ಬಿಸಿ ಮಾಡಲು ಹೊರಟಿದ್ದರು. ಕೈಮುಗಿದು ತಡೆದೆ. ಹೊರಗಿನಿಂದ ಹೊಯ್ದ ಎಣ್ಣೆಗೂ ಒಳಗಿನ ದ್ರವಕ್ಕೂ ನಡುವೆ ತಮಟೆಯ ಗೋಡೆಯಿದೆ. ಗೋಡೆಯಲ್ಲಿ ತೂತಿದ್ದರೆ ಎಣ್ಣೆ ಒಳಗೆ ಒಯ್ಯುವುದು ಸೋಂಕನ್ನು.

ಕಿವಿ-ಮೂಗು-ಗಂಟಲು ವೈದ್ಯರಲ್ಲಿ ಟಿಂಪನೊಮೆಟ್ರಿ ಮಾಡಿಸಿದೆವು. ಕಿವಿಗೆ ಪುಟ್ಟ ಬಿರಡೆ ಇಟ್ಟು ಒತ್ತಡ ಬದಲಿಸಿ ತಮಟೆ ಎಷ್ಟು ಮಣಿಯುತ್ತದೆಂದು ಅಳೆಯುತ್ತಾರೆ; ಕೆಲವೇ ಸೆಕೆಂಡು, ಮಗು ಉತ್ತರ ಹೇಳಬೇಕಾಗಿಲ್ಲ. ಆ ಅಳತೆಯ ನಕ್ಷೆಯಲ್ಲಿ ಆರೋಗ್ಯದ ಕಿವಿಯ ಗೆರೆ ತಡಿಯಂಡಮೋಳ್ ಬೆಟ್ಟದಂತೆ ಶಿಖರವಾಗಿ ಏಳುತ್ತದೆ. ನಮ್ಮ ಹುಡುಗನದು ಎರಡೂ ಕಿವಿಯಲ್ಲಿ ಗದ್ದೆಯ ಬಯಲಿನಂತೆ ಚಪ್ಪಟೆ.

ಬಹುಪಾಲು ಮಕ್ಕಳಲ್ಲಿ ಇದು ಮೂರು ತಿಂಗಳೊಳಗೆ ತಾನಾಗಿ ಇಳಿಯುತ್ತದೆ, ಆ್ಯಂಟಿಬಯೋಟಿಕ್ ನೆರವಾಗುವುದಿಲ್ಲ. ಹಾಗಾಗಿ ಕಾಯಲು ಹೇಳಿದರು. ಇಳಿಯದಿದ್ದರೆ ತಮಟೆಯಲ್ಲಿ ಗ್ರಾಮೆಟ್ ಎಂಬ ಸಣ್ಣ ಕೊಳವೆ ಕೂರಿಸುತ್ತಾರೆ. ಅದರ ಕಥೆ ಉದ್ದದ್ದು. ಲಂಡನ್ನಿನ ಆಸ್ಟ್ಲಿ ಕೂಪರ್ ತಮಟೆಗೆ ತೂತು ಕೊರೆದು ಕೇಳುವಂತೆ ಮಾಡಿ 1801ರಲ್ಲೇ ಪ್ರಸಿದ್ಧನಾದ, ಆದರೆ ತೂತು ಬೇಗನೆ ಮುಚ್ಚಿಕೊಳ್ಳುತ್ತಿತ್ತು. ತೂತನ್ನು ತೆರೆದಿಡುವ ಪ್ಲಾಸ್ಟಿಕ್ ಕೊಳವೆಯನ್ನು ಅಮೆರಿಕದ ಆರ್ಮ್‌ಸ್ಟ್ರಾಂಗ್ ಬಳಕೆಗೆ ತಂದದ್ದು 1954ರಲ್ಲಿ. ಒಂದೂವರೆ ಶತಮಾನ ಬೇಕಾಯಿತು!

ಒಂದು ಮಾತು ಮಾತ್ರ ತಡಮಾಡದೆ ಹೇಳಬೇಕು. ಒಳಕಿವಿಯ ದೋಷ ಬೇರೆಯೇ, ಅದು ಕಾದರೆ ವಾಸಿಯಾಗುವುದಿಲ್ಲ. ವರ್ಷ ತುಂಬಿದರೂ ತೊದಲದ, ಒಂದೂವರೆ ವರ್ಷಕ್ಕೂ ಪದವಾಡದ ಮಗುವಿನ ಬಗ್ಗೆ ‘ಅವರಪ್ಪನೂ ತಡವಾಗಿಯೇ ಮಾತನಾಡಿದ್ದು’ ಎನ್ನುತ್ತಾ, ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾ ತಿಂಗಳು ಕಳೆಯಬಾರದು. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಪಕ್ಕದ ಮೈಸೂರಿನಲ್ಲೇ ಇದೆ. ಹಸುಗೂಸಿನ ಕಿವಿಯನ್ನೂ ಅಳೆಯುವ ವಿಧಾನಗಳಿವೆ.

ತಂಗಿ ಆ ಮೂರು ತಿಂಗಳು ಕೂಗುವುದನ್ನು ಬಿಟ್ಟಳು. ಹತ್ತಿರ ಹೋಗಿ, ಮುಖಕ್ಕೆ ಮುಖ ಕೊಟ್ಟು ಮಾತನಾಡಿದಳು. ಅಂಗನವಾಡಿಯಲ್ಲಿ ಅವನನ್ನು ಮುಂದೆ ಕೂರಿಸಿದರು. ನವೆಂಬರ್ ಕೊನೆಗೆ ಎರಡೂ ಗೆರೆಗಳಲ್ಲಿ ಬೆಟ್ಟ ಎದ್ದಿತ್ತು.

ಈಗಲೂ ಕೈಯಲ್ಲಿ ಮೊಬೈಲ್ ಇದ್ದಾಗ ಅವನು ಮೊದಲ ಕೂಗಿಗೆ ತಿರುಗುವುದಿಲ್ಲ. ಅದರಲ್ಲೂ ಪೂರ್ತಿ ಹಟವಿಲ್ಲ: ಕಣ್ಣಿಗೆ ಕಷ್ಟದ ಕೆಲಸ ಕೊಟ್ಟಾಗ ಸದ್ದಿಗೆ ಮಿದುಳು ಕೊಡುವ ಪ್ರತಿಕ್ರಿಯೆಯೇ ಕುಗ್ಗುತ್ತದೆಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2015ರಲ್ಲಿ ವಯಸ್ಕರಲ್ಲಿ ಅಳೆದು ತೋರಿಸಿದ್ದಾರೆ. ಹಾಗಾಗಿ ತಂಗಿ ಎರಡನೆಯ ಸಲ ಕೂಗುವುದಿಲ್ಲ. ಹೋಗಿ ಭುಜ ಮುಟ್ಟುತ್ತಾಳೆ.