ಕಿಲ್ಟ್: ಸ್ಕಾಟ್ಲೆಂಡಿನ ಮದುಮಗ ಉಡುವ ಸಿಪಾಯಿ ಬಟ್ಟೆ

ಸ್ಕಾಟ್ಲೆಂಡಿನ ಮದುವೆ ಫೋಟೊ ಕಂಡಾಗಲೆಲ್ಲ ನಮ್ಮವರು ಕೇಳುವ ಮೊದಲ ಪ್ರಶ್ನೆ ಒಂದೇ: ಗಂಡು ಯಾಕೆ ಸ್ಕರ್ಟ್ ಹಾಕಿಕೊಂಡಿದ್ದಾನೆ? ಅದರ ಹೆಸರು ಕಿಲ್ಟ್. ಪಂಚೆ ಉಡುವ ನಾಡಿನವರು ನಾವು, ನಮಗಂತೂ ಇದು ಬೇಗ ಅರ್ಥವಾಗಬೇಕು ಅಲ್ವಾ?

ಸ್ಕಾಟ್ಸ್ ಭಾಷೆಯಲ್ಲಿ ಕಿಲ್ಟ್ ಅನ್ನುವುದು ಮೊದಲು ಒಂದು ಕ್ರಿಯಾಪದ. ಬಟ್ಟೆಯನ್ನು ಮೇಲಕ್ಕೆತ್ತಿ ಮೈಗೆ ಸಿಕ್ಕಿಸಿಕೊಳ್ಳುವುದು ಅಂತ ಅರ್ಥ. ನಾಟಿ ಮಾಡಲು ಗದ್ದೆಗೆ ಇಳಿಯುವ ಹೆಂಗಸು ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳಲ್ಲ, ಅದೇ ಕೆಲಸ. ಪದದ ಬೇರು ಸ್ಕ್ಯಾಂಡಿನೇವಿಯಾ ಕಡೆಯದು. ಉತ್ತರದ ಗುಡ್ಡಗಾಡು ಹೈಲ್ಯಾಂಡ್ಸ್‌ನ ಗೇಲಿಕ್ ಜನ ಮಾತ್ರ ಈ ಉಡುಪಿಗೆ ತಮ್ಮದೇ ಹೆಸರು ಇಟ್ಟುಕೊಂಡಿದ್ದರು. ಮೊದಲು ಇದ್ದದ್ದು ಫೇಲ ಮೋರ್, ಅಂದರೆ ದೊಡ್ಡದು. ಕಂಬಳಿಯಂಥ ಉದ್ದನೆಯ ಉಣ್ಣೆ ಬಟ್ಟೆ. ಅದನ್ನು ನೆರಿಗೆ ಹಿಡಿದು, ಸೊಂಟಕ್ಕೆ ಬೆಲ್ಟ್ ಬಿಗಿದು, ಉಳಿದದ್ದನ್ನು ಹೆಗಲ ಮೇಲೆ ಎಳೆದುಕೊಳ್ಳುತ್ತಿದ್ದರು; ರಾತ್ರಿ ಬಿಚ್ಚಿದರೆ ಅದೇ ಹೊದಿಕೆ. 18ನೇ ಶತಮಾನದ ಆರಂಭದಲ್ಲಿ ಹೆಗಲಿನ ಭಾಗ ಬಿಟ್ಟು ಸೊಂಟದಿಂದ ಮಂಡಿವರೆಗಿನದಷ್ಟೇ ಉಡುವುದು ಬಳಕೆಗೆ ಬಂತು. ಅದು ಫೇಲ ಬೇಗ್, ಚಿಕ್ಕದು. ಇವತ್ತಿನ ಮದುಮಗ ಉಡುವುದು ಈ ಚಿಕ್ಕದನ್ನು.

ಚಿಕ್ಕದು ಅಂದರೂ ಒಳ್ಳೆಯ ಕಿಲ್ಟ್‌ಗೆ 8 ಗಜ, ಅಂದರೆ ಸುಮಾರು 7.3 ಮೀಟರ್ ಬಟ್ಟೆ ಬೇಕು. ಉದ್ದದಲ್ಲಿ ನಮ್ಮ ಮಾಮೂಲಿ ಸೀರೆಗಿಂತ ಜಾಸ್ತಿ. ಮುಂದೆ ಎರಡು ಚಪ್ಪಟೆ ಪದರ ಒಂದರ ಮೇಲೊಂದು ಬರುತ್ತವೆ, ಹಿಂದೆ ಪೂರ್ತಿ ನೆರಿಗೆ. ಬಟ್ಟೆಯ ಚೌಕಳಿಗೆ ಟಾರ್ಟನ್ ಅಂತ ಹೆಸರು. ಸಾಮಾನ್ಯವಾಗಿ ಹಾಸಿನಲ್ಲಿ ಯಾವ ಬಣ್ಣದ ಎಷ್ಟು ಎಳೆ ಇದೆಯೋ ಹೊಕ್ಕಿನಲ್ಲೂ ಅದೇ ಬಣ್ಣ, ಅಷ್ಟೇ ಎಳೆ. ಈ ಲೆಕ್ಕವನ್ನು ಬರೆದಿಡಲು ಅಲ್ಲಿ 2009ರಿಂದ ಸರ್ಕಾರಿ ದಾಖಲೆ ಪುಸ್ತಕವೇ ಇದೆ.

ಕಿಲ್ಟ್ ಉಟ್ಟವರನ್ನು ಮುಂದಿನಿಂದ ನೋಡುವ ಬದಲು ಹಿಂದಿನಿಂದ ನೋಡಿ. ನೆರಿಗೆ ಹಿಡಿಯುವುದಕ್ಕೆ ಮುಖ್ಯವಾಗಿ ಎರಡು ಪದ್ಧತಿ ಇದೆ. ಒಂದರಲ್ಲಿ ನೆರಿಗೆಗಳನ್ನು ಎಷ್ಟು ಜೋಪಾನವಾಗಿ ಮಡಿಸುತ್ತಾರೆ ಅಂದರೆ, ಮಡಿಸಿದ ಮೇಲೂ ಚೌಕಳಿ ಎಲ್ಲೂ ತುಂಡಾಗದೆ ಮುಂದಿನ ಭಾಗದಲ್ಲಿ ಇದ್ದ ಹಾಗೆಯೇ ಕಾಣುತ್ತದೆ. ಇನ್ನೊಂದರಲ್ಲಿ ಪ್ರತಿ ನೆರಿಗೆಯ ಮೇಲೂ ಒಂದೇ ಪಟ್ಟೆ ಬರುವಂತೆ ಮಡಿಸುತ್ತಾರೆ. ಹಿಂದೆಲ್ಲ ಉದ್ದುದ್ದ ಗೆರೆಗಳು, ಸಾಲಾಗಿ ನಿಂತ ಸಿಪಾಯಿಗಳ ಹಾಗೆ. ಹೆಜ್ಜೆ ಹಾಕಿದಾಗ ನೆರಿಗೆ ತೆರೆದು, ಒಳಗೆ ಅಡಗಿದ್ದ ಬಣ್ಣ ಮಿಂಚಿ, ಮತ್ತೆ ಮುಚ್ಚಿಕೊಳ್ಳುತ್ತದೆ. ಇದು ಸೈನ್ಯದ ಪದ್ಧತಿ.

ಸೈನ್ಯದ ಮಾತು ಸುಮ್ನೆ ತಂದಿದ್ದಲ್ಲ. ಸೈನ್ಯ ಇಲ್ಲದಿದ್ದರೆ ಕಿಲ್ಟ್ ಮದುವೆ ಮನೆಗೆ ಬರುತ್ತಿತ್ತೋ ಇಲ್ಲವೋ!

1746ರ ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ, ಸ್ಟುವರ್ಟ್ ರಾಜಮನೆತನಕ್ಕೆ ಬ್ರಿಟನ್ನಿನ ಸಿಂಹಾಸನ ವಾಪಸ್ ಕೊಡಿಸಲು ದಂಗೆ ಎದ್ದಿದ್ದವರು ಸರ್ಕಾರಿ ಸೈನ್ಯದ ಎದುರು ಸೋತುಹೋದರು. ದಂಗೆಯ ಬಲ ಇದ್ದದ್ದು ಹೈಲ್ಯಾಂಡ್ಸ್‌ನಲ್ಲಿ. ಹಾಗಾಗಿ ಸರ್ಕಾರ ಅಲ್ಲಿನ ಉಡುಪಿನ ಮೇಲೇ ಕಾನೂನು ತಂದಿತು. 1747ರ ಆಗಸ್ಟ್ 1ರಿಂದ ಗಂಡಸರು ಕಿಲ್ಟ್ ಉಡುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳು ಜೈಲು, ಎರಡನೇ ಸಲ ಸಿಕ್ಕಿಬಿದ್ದರೆ 7 ವರ್ಷ ಗಡಿಪಾರು, ಅದೂ ಸಮುದ್ರದಾಚೆಗೆ. ಉಟ್ಟ ಬಟ್ಟೆಗಾಗಿ ಊರು ಬಿಡುವುದು ಅಂದರೆ ಎಂಥ ಸಂಕಟ, ಯೋಚಿಸಿ. 1782ರವರೆಗೆ ಈ ಕಾನೂನು ಜಾರಿಯಲ್ಲಿತ್ತು.

ವಿನಾಯಿತಿ ಇದ್ದದ್ದು ಬ್ರಿಟಿಷ್ ಸೈನ್ಯ ಸೇರಿದವರಿಗೆ. ಬ್ಲ್ಯಾಕ್ ವಾಚ್ ಅನ್ನುವ ಹೈಲ್ಯಾಂಡ್ ರೆಜಿಮೆಂಟ್ 1739ರಿಂದಲೇ ಇತ್ತು. ಕಡು ಹಸಿರು, ನೀಲಿ, ಕಪ್ಪು ಕೂಡಿದ ಅವರ ಟಾರ್ಟನ್ ಇವತ್ತಿಗೂ ಪ್ರಸಿದ್ಧ. ಊರಿನಲ್ಲಿ ಅಪ್ಪ ಉಟ್ಟರೆ ಅಪರಾಧ, ಸೈನ್ಯದಲ್ಲಿ ಮಗ ಉಟ್ಟರೆ ಸಮವಸ್ತ್ರ! 35 ವರ್ಷ, ಅಂದರೆ ಒಂದು ಇಡೀ ತಲೆಮಾರು, ಕಿಲ್ಟ್ ಉಸಿರು ಹಿಡಿದುಕೊಂಡದ್ದು ಹೀಗೆ.

ಈ ಬ್ಲ್ಯಾಕ್ ವಾಚ್‌ಗೂ ನಮ್ಮ ನೆಲಕ್ಕೂ ಒಂದು ನಂಟಿದೆ. ಅದರ ಎರಡನೇ ಬೆಟಾಲಿಯನ್ ಬೇರೆಯಾಗಿ 73ನೇ ಹೈಲ್ಯಾಂಡ್ ರೆಜಿಮೆಂಟ್ ಆಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದವರಲ್ಲಿ ಅವರೂ ಇದ್ದರು. ಆ ದಾಳಿಯ ಮುಂದಾಳು ಡೇವಿಡ್ ಬೇರ್ಡ್ ಕೂಡ ಸ್ಕಾಟ್ಲೆಂಡಿನವನೇ. ಅದಕ್ಕೂ ಮೊದಲು ಅದೇ ಊರಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದವನು. ಕಿಲ್ಟ್‌ನ ಚರಿತ್ರೆ ಓದುವಾಗ ಟಿಪ್ಪು ಬಿದ್ದ ಜಾಗ ಎದುರಾದದ್ದು ನನ್ನನ್ನು ಒಂದು ಗಳಿಗೆ ಹಿಡಿದು ನಿಲ್ಲಿಸಿತು.

ನಿಷೇಧ ಹೋದ ಮೇಲೆ, 1822ರಲ್ಲಿ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರಾಗೆ ಬಂದಾಗ ತಾನೇ ಕಿಲ್ಟ್ ಉಟ್ಟ. ಅಲ್ಲಿಂದ ಅದು ದೊಡ್ಡವರ ಉಡುಪಾಯಿತು, ಆಮೇಲೆ ಹಬ್ಬ ಮದುವೆಗಳ ಉಡುಪು. ಪ್ರತಿ ಮನೆತನಕ್ಕೂ ಅನಾದಿ ಕಾಲದಿಂದ ಒಂದೊಂದು ಟಾರ್ಟನ್ ಇತ್ತು ಅಂತ ತುಂಬ ಜನ ನಂಬಿದ್ದಾರೆ. ಆ ಹಂಚಿಕೆ ಹೆಚ್ಚಾಗಿ 19ನೇ ಶತಮಾನದ್ದು. ಹಾಗಂತ ಅದರ ಬೆಲೆಯೇನೂ ಕಡಿಮೆಯಾಗಲ್ಲ.

ಈಗ ಮದುಮಗನನ್ನು ನೋಡಿ. ಸೊಂಟದ ಮುಂದೆ ತೂಗುವ ಚರ್ಮದ ಚೀಲ ಸ್ಪೋರನ್, ಯಾಕೆಂದರೆ ಕಿಲ್ಟ್‌ಗೆ ಜೇಬಿಲ್ಲ. ಉದ್ದ ಕಾಲುಚೀಲದಲ್ಲಿ ಸಿಕ್ಕಿಸಿದ ಪುಟ್ಟ ಚೂರಿ ಸ್ಕೀಯನ್ ಡೂ. ಹಿಡಿಯ ತುದಿ ಮಾತ್ರ ಕಾಣಬೇಕು. ಅವನು ಸೈನಿಕನಾಗಿದ್ದರೆ ಮನೆತನದ ಟಾರ್ಟನ್ ಬದಲು ರೆಜಿಮೆಂಟಿನದು ಉಡಬಹುದು, ಎದೆಯ ಮೇಲೆ ಪದಕಗಳು. ಚರ್ಚಿನಿಂದ ಹೊರಗೆ ಬರುವಾಗ ಜೊತೆಗಾರರು ಎರಡು ಸಾಲಾಗಿ ನಿಂತು, ಕತ್ತಿ ಎತ್ತಿ, ತುದಿಗೆ ತುದಿ ಕೂಡಿಸಿ ಕತ್ತಿಗಳದೇ ಚಪ್ಪರ ಮಾಡುತ್ತಾರೆ. ಹೈಲ್ಯಾಂಡ್ ಅಧಿಕಾರಿಗಳ ಕತ್ತಿಗೆ ಬುಟ್ಟಿಯಂಥ ಹಿಡಿ ಇರುತ್ತದೆ, ಕೈ ಪೂರ್ತಿ ಅದರೊಳಗೆ. ಆ ಚಪ್ಪರದ ಕೆಳಗೆ ಗಂಡು ಹೆಣ್ಣು ಕೈ ಹಿಡಿದು ನಡೆಯುತ್ತಾರೆ, ಪಕ್ಕದಲ್ಲಿ ಬ್ಯಾಗ್‌ಪೈಪ್. ಕೇಕ್ ಕತ್ತರಿಸುವುದೂ ಎಷ್ಟೋ ಸಲ ಅದೇ ಕತ್ತಿಯಿಂದ.

ಹೆಣ್ಣಿಗೂ ಟಾರ್ಟನ್ ಉಂಟು. ಮದುವೆಯ ಪ್ರತಿಜ್ಞೆ ಮಾಡಿದ ಮೇಲೆ ಗಂಡಿನ ಮನೆಯವರು ತಮ್ಮ ಟಾರ್ಟನ್‌ನ ಒಂದು ಪಟ್ಟಿಯನ್ನು ಅವಳ ಹೆಗಲಿಗೆ ಪಿನ್ ಹಾಕಿ ಕೂಡಿಸುತ್ತಾರೆ. ಇನ್ನು ನೀನು ನಮ್ಮವಳು ಅಂತ ಅರ್ಥ. ನಮ್ಮಲ್ಲಿ ಮನೆ ತುಂಬಿಸಿಕೊಳ್ಳುವುದು ನೆನಪಾಗುತ್ತದೆ ನನಗೆ. ಇಬ್ಬರೂ ಒಂದೇ ಬಟ್ಟಲಿನಿಂದ ವಿಸ್ಕಿ ಕುಡಿಯುವ ಪದ್ಧತಿಯೂ ಇದೆ. ಬಟ್ಟಲಿನ ಹೆಸರು ಕ್ವೇಖ್, ಅದಕ್ಕೆ ಹಿಡಿದುಕೊಳ್ಳಲು ಎರಡು ಕಿವಿ.

ಊಟ ಆದ ಮೇಲೆ ಕುಣಿತ. ಅಲ್ಲೂ ಸೈನ್ಯ ಇದೆ, ಮತ್ತು ಈ ಇಡೀ ವಿಷಯದಲ್ಲಿ ನನಗೆ ತುಂಬ ಹತ್ತಿರವಾದದ್ದು ಇದೇ. 1940ರ ಜೂನ್‌ನಲ್ಲಿ ಫ್ರಾನ್ಸಿನ ಸೇಂಟ್ ವ್ಯಾಲರಿಯಲ್ಲಿ 51ನೇ ಹೈಲ್ಯಾಂಡ್ ಡಿವಿಜನ್‌ನ ಸಾವಿರಾರು ಸೈನಿಕರು ಜರ್ಮನರಿಗೆ ಸೆರೆಸಿಕ್ಕರು. ಲೌಫನ್ ಅನ್ನುವ ಊರಿನ ಸೆರೆ ಶಿಬಿರದಲ್ಲಿ ಆ ಡಿವಿಜನ್‌ನ ಕೆಲವು ಅಧಿಕಾರಿಗಳು ಸೇರಿ ಒಂದು ಹೊಸ ಕುಣಿತ ಕಟ್ಟಿದರು. ಹೆಣ್ಣಿನ ಜಾಗದಲ್ಲೂ ಗಂಡಸರೇ ನಿಂತು ಹೆಜ್ಜೆ ಕಲಿತರು. ಕುಣಿತದ ನಡುವೆ ನಾಲ್ಕು ಜನ ಕೈ ಹಿಡಿದು ಓರೆ ಸಾಲಾಗುತ್ತಾರೆ. ಆಮೇಲೆ ಎದುರು ದಿಕ್ಕಿಗೆ ಇನ್ನೊಂದು ಓರೆ ಸಾಲು. ಎರಡೂ ಕೂಡಿದರೆ ಸೇಂಟ್ ಆಂಡ್ರೂ ಶಿಲುಬೆ, ಸ್ಕಾಟ್ಲೆಂಡಿನ ಬಾವುಟದ ಮೇಲಿರುವ ಗುರುತು. ರೀಲ್ ಆಫ್ ದಿ 51ಸ್ಟ್ ಡಿವಿಜನ್ ಅಂತ ಅದರ ಹೆಸರು. ಈಗ ಮದುವೆ ಮನೆಗಳಲ್ಲೂ ಕುಣಿಯುತ್ತಾರೆ, ಮದುಮಗಳ ಹೆಗಲ ಮೇಲೆ ಟಾರ್ಟನ್ ಪಟ್ಟಿ ಹಾಗೇ ಇರುತ್ತದೆ, ತಿರುಗಿದಾಗಲೆಲ್ಲ ಗಂಡಿನ ಕಿಲ್ಟ್‌ನ ನೆರಿಗೆ ಬಿಚ್ಚಿಕೊಳ್ಳುತ್ತದೆ.