ಕಾಂಗ್ರೆಸ್ಸಿನ ಮೇಲೆ ಸಿಟ್ಟು, ನಮ್ಮ ಸದಸ್ಯನಿಗೆ ಮತ: ಅಮೆರಿಕದ ಮತದಾರರ ಬೇಸರ ಎಲ್ಲಿ ಇಂಗಿಹೋಗುತ್ತದೆ?

ಪ್ರಶ್ನೆ: ಅಮೆರಿಕದ ಜನರಿಗೆ ತಮ್ಮ ನಾಯಕರ ಮೇಲೆ, ಎರಡೂ ಪಕ್ಷಗಳ ಮೇಲೆ ವಿಪರೀತ ಬೇಸರವಿದೆ ಎಂದು ಓದುತ್ತಲೇ ಇರುತ್ತೇವೆ. ಹಾಗಿದ್ದರೂ ಪ್ರತಿ ಚುನಾವಣೆಯಲ್ಲಿ ಬಹುಪಾಲು ಹಳಬರೇ ಗೆದ್ದು ಬರುವುದು ಹೇಗೆ?

ಉತ್ತರ: ಮೊದಲಿಗೆ, ಅಲ್ಲಿ ಕಾಂಗ್ರೆಸ್ ಎಂದರೆ ಪಕ್ಷವಲ್ಲ, 435 ಸದಸ್ಯರ ಪ್ರತಿನಿಧಿ ಸಭೆಯೂ 100 ಸದಸ್ಯರ ಸೆನೆಟ್ಟೂ ಸೇರಿದ ಸಂಸತ್ತು. 2013ರ ನವೆಂಬರಿನಲ್ಲಿ ಗ್ಯಾಲಪ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಈ ಕಾಂಗ್ರೆಸ್ಸಿನ ಕೆಲಸವನ್ನು ಮೆಚ್ಚಿದವರು ಶೇ 9 ಮಂದಿ ಮಾತ್ರ. ಮರುವರ್ಷ ಚುನಾವಣೆ ನಡೆದಾಗ, ಪ್ರತಿನಿಧಿ ಸಭೆಗೆ ಮರಳಿ ಸ್ಪರ್ಧಿಸಿದ ಸದಸ್ಯರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಗೆದ್ದರು. ಬೇಸರವೇನೂ ತೋರಿಕೆಯದಲ್ಲ. 2023ರಲ್ಲಿ ಪ್ಯೂ ಸಂಶೋಧನಾ ಕೇಂದ್ರ ಕೇಳಿದಾಗ, ರಾಜಕೀಯವನ್ನು ನೆನೆದರೆ ಯಾವಾಗಲೂ ಅಥವಾ ಆಗಾಗ ಸುಸ್ತಾಗುತ್ತದೆ ಎಂದವರು ಶೇ 65. ಎರಡು ಪಕ್ಷಗಳಲ್ಲಿ ಯಾವುದೂ ಹಿಡಿಸುವುದಿಲ್ಲ ಎಂದವರು ಶೇ 28. ಈ ಎರಡನೆಯ ಗುಂಪು 1994ರಲ್ಲಿ ಶೇ 6ರಷ್ಟಿತ್ತು.

ಸುಲಭದ ಉತ್ತರವೊಂದು 1970ರ ದಶಕದಿಂದಲೂ ಇದೆ. ರಿಚರ್ಡ್ ಫೆನ್ನೊ ಎಂಬ ರಾಜ್ಯಶಾಸ್ತ್ರಜ್ಞರು ಸದಸ್ಯರ ಜೊತೆ ಅವರವರ ಕ್ಷೇತ್ರಗಳಲ್ಲಿ ಸುತ್ತಾಡಿ, ಜನ ಕಾಂಗ್ರೆಸ್ಸನ್ನು ಬೈಯುತ್ತಲೇ ತಮ್ಮ ಸದಸ್ಯನನ್ನು ಮೆಚ್ಚುತ್ತಾರೆ ಎಂಬುದನ್ನು ಗುರುತಿಸಿದರು. ಆ ಸದಸ್ಯರೂ ಊರಿಗೆ ಬಂದಾಗ ಕಾಂಗ್ರೆಸ್ಸನ್ನು ಬೈದೇ ಮತ ಕೇಳುತ್ತಿದ್ದರು. ಈ ವಿವರಣೆ ಸುಳ್ಳಲ್ಲ, ಆದರೆ ಇಂದಿನ ಅಮೆರಿಕಕ್ಕೆ ಅದು ಸಾಲದು ಎಂದೇ ನನಗನ್ನಿಸುತ್ತದೆ. ಸದಸ್ಯನ ಮೇಲಿನ ಪ್ರೀತಿಗಿಂತ, ಸಿಟ್ಟಾದ ಮತದಾರನಿಗೆ ಆ ಸಿಟ್ಟನ್ನು ಚಲಾಯಿಸಲು ಸಿಗುವ ಜಾಗ ಎಷ್ಟು ಇಕ್ಕಟ್ಟಿನದು ಎಂಬುದು ಇಲ್ಲಿ ಹೆಚ್ಚು ಮುಖ್ಯವಾಗುತ್ತದೆ.

ನಮ್ಮಲ್ಲಿ ಟಿಕೆಟ್ ಯಾರಿಗೆಂದು ಹೈಕಮಾಂಡ್ ತೀರ್ಮಾನಿಸುತ್ತದೆ, ಬಿ ಫಾರಂ ಬೆಂಗಳೂರಿನಿಂದಲೋ ದೆಹಲಿಯಿಂದಲೋ ಬರುತ್ತದೆ. ಅಮೆರಿಕದಲ್ಲಿ ಟಿಕೆಟ್ ಕೊಡುವುದು ಪ್ರೈಮರಿ ಎಂಬ ಒಳಚುನಾವಣೆ. ಮುಖ್ಯ ಚುನಾವಣೆಗೆ ತಿಂಗಳುಗಳ ಮುನ್ನ ನಡೆಯುವ ಇದರಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಮತದಾರರೇ ಆರಿಸುತ್ತಾರೆ. ಕೇಳಲು ಇದು ನಮ್ಮದಕ್ಕಿಂತ ಪ್ರಜಾಸತ್ತಾತ್ಮಕವಾಗಿಯೇ ಇದೆ. ಆದರೆ ಅಧ್ಯಕ್ಷೀಯ ಚುನಾವಣೆಯಿಲ್ಲದ ವರ್ಷಗಳಲ್ಲಿ ಈ ಒಳಚುನಾವಣೆಗೆ ಬರುವವರು ಅರ್ಹ ಮತದಾರರಲ್ಲಿ ಸುಮಾರು ಐದರಲ್ಲೊಬ್ಬರು. ಹಲವು ರಾಜ್ಯಗಳಲ್ಲಿ ಪಕ್ಷಕ್ಕೆ ಹೆಸರು ನೋಂದಾಯಿಸಿದವರಿಗೆ ಮಾತ್ರ ಪ್ರವೇಶ. ಜೊತೆಗೆ ಬಹುತೇಕ ಕ್ಷೇತ್ರಗಳು ಒಂದಲ್ಲ ಒಂದು ಪಕ್ಷದ ಭದ್ರಕೋಟೆಗಳಾಗಿರುವುದರಿಂದ ಪ್ರೈಮರಿ ಗೆದ್ದವನಿಗೆ ಮುಂದಿನ ಚುನಾವಣೆ ಹೆಚ್ಚುಕಡಿಮೆ ಔಪಚಾರಿಕ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಅವರ ಉದಾಹರಣೆ ನಮಗೆ ಹತ್ತಿರದ್ದು. ಡೆಟ್ರಾಯಿಟ್ ನಗರದ ದೊಡ್ಡ ಭಾಗವನ್ನು ಒಳಗೊಂಡ ಮಿಷಿಗನ್ನಿನ 13ನೇ ಕ್ಷೇತ್ರದಲ್ಲಿ 2022ರಲ್ಲಿ ಅವರು ಡೆಮಾಕ್ರಟಿಕ್ ಪ್ರೈಮರಿ ಗೆದ್ದದ್ದು, ಹಲವರ ಪೈಪೋಟಿಯ ನಡುವೆ, ಸುಮಾರು ಶೇ 28 ಮತಗಳಿಂದ. ನವೆಂಬರಿನ ಮುಖ್ಯ ಚುನಾವಣೆಯಲ್ಲಿ ಅವರಿಗೆ ಬಿದ್ದದ್ದು ಶೇ 70ಕ್ಕೂ ಹೆಚ್ಚು. ಇದರಲ್ಲಿ ಅವರ ತಪ್ಪೇನಿಲ್ಲ. ಎರಡೂ ಪಕ್ಷಗಳ ನೂರಾರು ಕ್ಷೇತ್ರಗಳ ಪಾಡು ಇದೇ.

ಭದ್ರಕೋಟೆಗಳಿಗೆ ಕ್ಷೇತ್ರದ ಗಡಿಗಳನ್ನು ಬೇಕಾದಂತೆ ತಿರುಚುವುದೊಂದೇ ಕಾರಣವಲ್ಲ. ನಗರಗಳು ಡೆಮಾಕ್ರಟರ ಕಡೆಗೂ ಹಳ್ಳಿಗಾಡು ರಿಪಬ್ಲಿಕನ್ನರ ಕಡೆಗೂ ತಾವಾಗಿಯೇ ಸರಿದಿವೆ. ಆದರೂ ತಿರುಚಾಟ ನಾಚಿಕೆ ಬಿಟ್ಟು ನಡೆಯುತ್ತಿದೆ. ಪಕ್ಷಲಾಭದ ಗಡಿರೇಖೆಗಳ ಬಗ್ಗೆ ಫೆಡರಲ್ ನ್ಯಾಯಾಲಯಗಳು ತೀರ್ಪು ಹೇಳಲಾಗದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2019ರಲ್ಲಿ 5-4ರ ಬಹುಮತದಿಂದ ಹೇಳಿತು. 2025ರಲ್ಲಿ ಟೆಕ್ಸಾಸ್ ರಿಪಬ್ಲಿಕನ್ನರಿಗೆ ಐದು ಸ್ಥಾನ ಹೆಚ್ಚಿಸುವ ಗುರಿಯಿಂದ ನಕ್ಷೆ ಬದಲಿಸಿತು. ಅದಕ್ಕೆ ಪ್ರತಿಯಾಗಿ ಡೆಮಾಕ್ರಟರಿಗೆ ಅನುಕೂಲವಾಗುವ ನಕ್ಷೆಯನ್ನು ಕ್ಯಾಲಿಫೋರ್ನಿಯಾದ ಮತದಾರರು ಅದೇ ನವೆಂಬರಿನಲ್ಲಿ ಒಪ್ಪಿದರು.

ಇಂಥ ಕ್ಷೇತ್ರದಲ್ಲಿ ಗೆದ್ದ ಸದಸ್ಯ ಹೆದರುವುದು ಎದುರು ಪಕ್ಷಕ್ಕಲ್ಲ, ತನ್ನದೇ ಪಕ್ಷದ ಕಟ್ಟಾ ಮತದಾರರಿಗೆ. ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಕಾಯುತ್ತಿರುವ ಕನ್ನಡಿಗರ ಕುಟುಂಬಗಳಿಗೆ ಈ ಭಯದ ಬಿಸಿ ನೇರವಾಗಿಯೇ ತಟ್ಟಿದೆ. ಉದ್ಯೋಗಾಧಾರಿತ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶದವರಿಗೆ ಶೇ 7ರ ಮಿತಿ ಇರುವುದರಿಂದಲೇ ಭಾರತೀಯರ ಸಾಲು ಇಷ್ಟು ಉದ್ದವಾಗಿರುವುದು. ಆ ಮಿತಿಯನ್ನು ತೆಗೆಯುವ ಅಂಶವೂ ಇದ್ದ ವಿಸ್ತಾರವಾದ ವಲಸೆ ಮಸೂದೆಯನ್ನು ಸೆನೆಟ್ 2013ರ ಜೂನ್ 27ರಂದು 68-32ರಿಂದ ಅಂಗೀಕರಿಸಿತು; ಪರವಾಗಿ ಮತ ಹಾಕಿದವರಲ್ಲಿ 14 ಮಂದಿ ರಿಪಬ್ಲಿಕನ್ನರಿದ್ದರು. ಪ್ರತಿನಿಧಿ ಸಭೆಯಲ್ಲಿ ಅದು ಮತಕ್ಕೇ ಬರಲಿಲ್ಲ. ಮರುವರ್ಷ ಜೂನ್ 10ರಂದು, ಆ ಸಭೆಯಲ್ಲಿ ರಿಪಬ್ಲಿಕನ್ನರ ಎರಡನೆಯ ದೊಡ್ಡ ನಾಯಕರಾಗಿದ್ದ ಎರಿಕ್ ಕ್ಯಾಂಟರ್ ವರ್ಜೀನಿಯಾದ ತಮ್ಮ ಪ್ರೈಮರಿಯಲ್ಲಿ ಡೇವಿಡ್ ಬ್ರಾಟ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರಿಗೆ ಸೋತರು. ಕ್ಯಾಂಟರ್ ವಲಸಿಗರ ವಿಷಯದಲ್ಲಿ ಮೆತ್ತಗಾಗಿದ್ದಾರೆ ಎಂಬುದೇ ಬ್ರಾಟ್ ಅವರ ಪ್ರಚಾರದ ಮುಖ್ಯ ದೂರು. ಏಳು ಲಕ್ಷ ಜನರಿದ್ದ ಆ ಕ್ಷೇತ್ರದಲ್ಲಿ ಅಂದು ಚಲಾವಣೆಯಾದ ಮತಗಳು ಸುಮಾರು 65,000. ತಿಂಗಳ ಕೊನೆಗೆ ಅಧ್ಯಕ್ಷ ಒಬಾಮಾ, ಮಸೂದೆಯನ್ನು ಆ ವರ್ಷ ಮತಕ್ಕೆ ಹಾಕುವುದಿಲ್ಲವೆಂದು ಸ್ಪೀಕರ್ ಜಾನ್ ಬೇನರ್ ತಮಗೆ ತಿಳಿಸಿರುವುದಾಗಿ ಪ್ರಕಟಿಸಿದರು. ಕ್ಯಾಂಟರ್ ಗೆದ್ದಿದ್ದರೆ ಮಸೂದೆ ಪಾಸಾಗುತ್ತಿತ್ತೆಂದು ನಾನು ಹೇಳುತ್ತಿಲ್ಲ, ಅದಾಗಲೇ ಅದು ಅರೆಜೀವವಾಗಿತ್ತು. ಆದರೆ ಆ ಸೋಲಿನಿಂದ ಉಳಿದ ಸದಸ್ಯರು ಪಾಠ ಕಲಿಯದೆ ಇರಲಿಲ್ಲ.

ಹಾಗಾದರೆ ಬೇಸತ್ತ ಮತದಾರ ಎದುರು ಪಕ್ಷಕ್ಕೆ ಮತ ಹಾಕಬಾರದೇಕೆ? ಏಕೆಂದರೆ ತನ್ನ ಪಕ್ಷದ ಮೇಲೆ ಅವನಿಗೆ ಬೇಸರವಿದ್ದರೆ ಎದುರು ಪಕ್ಷದ ಮೇಲೆ ಭಯವೇ ಇದೆ. ಮಗನೋ ಮಗಳೋ ಬೇರೆ ಪಕ್ಷದವರನ್ನು ಮದುವೆಯಾದರೆ ಬೇಸರವಾಗುತ್ತದೆಯೇ ಎಂದು 1960ರಲ್ಲಿ ಕೇಳಿದಾಗ ಹೌದೆಂದವರು ಎರಡೂ ಪಕ್ಷಗಳಲ್ಲಿ ಶೇ 5ರ ಆಸುಪಾಸು. 2010ರಲ್ಲಿ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧದಷ್ಟು, ಡೆಮಾಕ್ರಟರಲ್ಲಿ ಮೂರರಲ್ಲೊಂದು ಪಾಲು. ಬೀಗತನಕ್ಕೆ ಜಾತಿ, ಗೋತ್ರ ನೋಡುವುದು ನಮಗೆ ಹೊಸದಲ್ಲ. ಅಲ್ಲಿ ಆ ಜಾಗದಲ್ಲಿ ಪಕ್ಷ ಬಂದು ಕೂತಿದೆ. ಮೂರನೆಯ ಪಕ್ಷದ ದಾರಿಯೂ ಕಿರಿದು. 1992ರಲ್ಲಿ ಪಕ್ಷೇತರರಾಗಿ ನಿಂತ ರಾಸ್ ಪೆರೊ ಸುಮಾರು ಶೇ 19 ಜನಮತ ಪಡೆದರೂ ಅಧ್ಯಕ್ಷರನ್ನು ಆರಿಸುವ ಎಲೆಕ್ಟೊರಲ್ ಮತಗಳಲ್ಲಿ ಅವರಿಗೆ ಒಂದೂ ಸಿಗಲಿಲ್ಲ.

ರಾಜಿ ಮಾಡಿಕೊಂಡವನಿಗೆ ಪ್ರೈಮರಿಯಲ್ಲಿ ಪೆಟ್ಟು, ಹಟ ಹಿಡಿದವನಿಗೆ ನವೆಂಬರಿನಲ್ಲಿ ನಷ್ಟವಿಲ್ಲ ಎಂದಾದ ಮೇಲೆ ಬಜೆಟ್ಟಿನ ಮೇಲಿನ ಜಗಳಕ್ಕೆ ಸರ್ಕಾರಿ ಕಚೇರಿಗಳು ಬಾಗಿಲು ಹಾಕುವುದು ವಿಚಿತ್ರವೇನಲ್ಲ. 2018-19ರಲ್ಲಿ ಅವು 35 ದಿನ ಮುಚ್ಚಿದ್ದವು. 2025ರ ಅಕ್ಟೋಬರ್ 1ರಿಂದ 43 ದಿನ. 2023ರ ಅಕ್ಟೋಬರಿನಲ್ಲಿ ಸ್ಪೀಕರ್ ಕೆವಿನ್ ಮೆಕಾರ್ಥಿ, ಕಚೇರಿಗಳು ಮುಚ್ಚದಂತೆ ಡೆಮಾಕ್ರಟರ ಮತ ಸೇರಿಸಿಕೊಂಡು ತಾತ್ಕಾಲಿಕ ಮಸೂದೆ ಪಾಸು ಮಾಡಿದ ಕೆಲವೇ ದಿನಗಳಲ್ಲಿ, ತಮ್ಮದೇ ಪಕ್ಷದ ಎಂಟು ಸದಸ್ಯರು ಮತ್ತು ಹಾಜರಿದ್ದ ಎಲ್ಲ ಡೆಮಾಕ್ರಟರು ಸೇರಿ ಹಾಕಿದ ಮತದಿಂದ ಹುದ್ದೆ ಕಳೆದುಕೊಂಡರು. ಹಾಗೆ ಪದಚ್ಯುತರಾದ ಮೊದಲ ಸ್ಪೀಕರ್ ಅವರೇ.

ತೊಡಕಿನ ಮೂಲ ಪ್ರೈಮರಿಯಲ್ಲಿದೆ ಎಂಬುದಕ್ಕೆ ಇನ್ನೊಂದು ಸುಳಿವಿದೆ. 2021ರಲ್ಲಿ ಟ್ರಂಪ್ ವಿರುದ್ಧದ ಮಹಾಭಿಯೋಗಕ್ಕೆ ಪ್ರತಿನಿಧಿ ಸಭೆಯಲ್ಲಿ ಮತ ಹಾಕಿದ ಹತ್ತು ರಿಪಬ್ಲಿಕನ್ನರಲ್ಲಿ ನಾಲ್ವರು ಮುಂದೆ ಸ್ಪರ್ಧಿಸಲೇ ಇಲ್ಲ, ನಾಲ್ವರು ಪ್ರೈಮರಿಯಲ್ಲಿ ಸೋತರು. ಉಳಿದುಕೊಂಡ ಇಬ್ಬರು ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳವರು. ಅಲ್ಲಿ ಎಲ್ಲ ಪಕ್ಷದವರಿಗೂ ಒಂದೇ ಪ್ರೈಮರಿ, ಮೊದಲಿಬ್ಬರು ಮುಂದಿನ ಸುತ್ತಿಗೆ. (ಸೋತ ನಾಲ್ವರಲ್ಲಿ ಒಬ್ಬರು ಅದೇ ವಾಷಿಂಗ್ಟನ್ನಿನವರು ಎನ್ನುವುದನ್ನೂ ಹೇಳಬೇಕು, ಪದ್ಧತಿ ಬದಲಾದರೆ ಸಾಕು ಎಂದು ನಂಬುವವರಿಗೆ ಅದು ಕಹಿ.) ಅಲಾಸ್ಕಾ ಇನ್ನೂ ಮುಂದೆ ಹೋಗಿ, ಮೊದಲ ನಾಲ್ವರನ್ನು ಕಣಕ್ಕಿಳಿಸಿ ಮತದಾರರು ಆದ್ಯತೆಯ ಕ್ರಮದಲ್ಲಿ ಮತ ಹಾಕುವ ಪದ್ಧತಿಯನ್ನು 2020ರಲ್ಲಿ ಒಪ್ಪಿತು. 2010ರ ರಿಪಬ್ಲಿಕನ್ ಪ್ರೈಮರಿಯಲ್ಲಿ ಸೋತು, ಮತಪತ್ರದಲ್ಲಿ ಜನರೇ ಹೆಸರು ಬರೆದದ್ದರಿಂದ ಸೆನೆಟ್ಟಿಗೆ ಮರಳಿದ್ದ ಲಿಸಾ ಮರ್ಕೌಸ್ಕಿ, ಸೆನೆಟ್ಟಿನ ವಿಚಾರಣೆಯಲ್ಲಿ ಟ್ರಂಪ್ ವಿರುದ್ಧ ಮತ ಹಾಕಿದ ಮೇಲೂ 2022ರಲ್ಲಿ ಈ ಹೊಸ ಪದ್ಧತಿಯಲ್ಲಿ ಗೆದ್ದರು.

2024ರಲ್ಲಿ ನೆವಾಡ, ಐಡಹೊ ಮತ್ತು ಕೊಲೊರಾಡೊ ರಾಜ್ಯಗಳ ಮತದಾರರ ಮುಂದೆ ಇಂಥದೇ ಸುಧಾರಣೆಗಳು ಬಂದವು. ರಾಜಕೀಯ ಕೆಟ್ಟುಹೋಗಿದೆ ಎಂದು ಸಮೀಕ್ಷೆಗಳಲ್ಲಿ ಹೇಳುವ ಅದೇ ಜನ ಮೂರೂ ಕಡೆ ಅವನ್ನು ತಿರಸ್ಕರಿಸಿದರು. ಅಲಾಸ್ಕಾದಲ್ಲಿ ಇರುವ ಪದ್ಧತಿಯನ್ನೇ ರದ್ದು ಮಾಡಬೇಕೇ ಎಂದು ಅದೇ ದಿನ ಕೇಳಲಾಯಿತು. ಚಲಾವಣೆಯಾದ ಮೂರು ಲಕ್ಷಕ್ಕೂ ಹೆಚ್ಚು ಮತಗಳಲ್ಲಿ, ಸಾವಿರಕ್ಕೂ ಕಡಿಮೆ ಮತಗಳ ಅಂತರದಿಂದ ಅದು ಉಳಿದುಕೊಂಡಿತು.