ಡಿಸ್ಟ್ರಿಕ್ಟ್ ಎನರ್ಜಿ: ಊರಿಗೆಲ್ಲ ಒಂದೇ ಹಂಡೆ

ಮೊದಲು ಹೆಸರಿನ ಗೊಂದಲ ಮುಗಿಸೋಣ. ಡಿಸ್ಟ್ರಿಕ್ಟ್ ಅಂದ ಕೂಡಲೇ ನಮಗೆ ನೆನಪಾಗುವುದು ಜಿಲ್ಲೆ, ಡಿಸಿ ಆಫೀಸು. ಹಾಗಂತ ಈ ಪದವನ್ನು 'ಜಿಲ್ಲಾ ಇಂಧನ' ಎಂದು ಕನ್ನಡಕ್ಕೆ ತಂದರೆ ಕೆಲಸ ಕೆಟ್ಟಿತು. ಇಲ್ಲಿ ಡಿಸ್ಟ್ರಿಕ್ಟ್ ಅಂದರೆ ಊರಿನ ಒಂದು ಭಾಗ, ಒಂದಷ್ಟು ಬೀದಿ, ಒಂದು ಬಡಾವಣೆ. ಅಲ್ಲಿನ ಕಟ್ಟಡಗಳಿಗೆಲ್ಲ ಒಂದೇ ಕಡೆಯಿಂದ ಕೊಳವೆಯಲ್ಲಿ ಬಿಸಿನೀರನ್ನೋ ತಣ್ಣೀರನ್ನೋ ಕಳಿಸಿ, ಕೋಣೆಗಳನ್ನು ಬೆಚ್ಚಗೆ ಅಥವಾ ತಂಪಾಗಿ ಇಡುವ ಏರ್ಪಾಡಿಗೆ ಈ ಹೆಸರು.

ನನಗೆ ಫಿನ್‌ಲ್ಯಾಂಡಿನವರ ಪದವೇ ಹೆಚ್ಚು ಇಷ್ಟ: ಕೌಕೊಲ್ಯಾಂಪೊ. ಕೌಕೊ ಅಂದರೆ ದೂರ, ಲ್ಯಾಂಪೊ ಅಂದರೆ ಬಿಸಿ. ದೂರದ ಬಿಸಿ! ತಂಪಿಗಿರುವ ಪದ ನಾಲಿಗೆ ಹೊರಳದಷ್ಟು ಉದ್ದ, ಆದರೆ ಅರ್ಥ ಸರಳ: ದೂರದ ತಂಪು. ಜರ್ಮನರ ಫೆರ್ನ್‌ವೆರ್ಮೆ ಕೂಡ ಇದೇ, ದೂರದ ಬಿಸಿ.

ಹಳೇ ಕೂಡುಕುಟುಂಬದ ಮನೆಯಲ್ಲಿ ಬಚ್ಚಲಿಗೆ ಒಂದೇ ಹಂಡೆ, ಒಂದೇ ಒಲೆ ಇರುತ್ತಿತ್ತು. ಈಗ ಒಂದೊಂದು ಬಾತ್‌ರೂಮಿಗೆ ಒಂದೊಂದು ಗೀಸರ್. ಡಿಸ್ಟ್ರಿಕ್ಟ್ ಎನರ್ಜಿ ಅಂದರೆ ಇಡೀ ಊರು ಮತ್ತೆ ಹಂಡೆಗೆ ಮರಳಿದಂತೆ. ಯೋಚನೆ ಹೊಸದೇನಲ್ಲ. ಅಮೆರಿಕದ ಲಾಕ್‌ಪೋರ್ಟ್ ಊರಿನಲ್ಲಿ ಬರ್ಡ್‌ಸಿಲ್ ಹಾಲಿ ಎಂಬಾತ 1877ರಲ್ಲೇ ಒಂದು ಬಾಯ್ಲರಿನಿಂದ ಸುತ್ತಲಿನ ಮನೆಗಳಿಗೆ ಹಬೆ ಹರಿಸಿದ್ದ. ನ್ಯೂಯಾರ್ಕ್‌ನಲ್ಲಿ 1882ರಲ್ಲಿ ಶುರುವಾದ ಹಬೆಯ ಜಾಲ ಇವತ್ತಿಗೂ ನಡೆಯುತ್ತಿದೆ.

ಆದರೆ ಬಿಸಿ, ತಂಪು ಎರಡನ್ನೂ ಒಟ್ಟಿಗೆ ನೋಡಬೇಕೆಂದರೆ ಫಿನ್‌ಲ್ಯಾಂಡಿನ ರಾಜಧಾನಿ ಹೆಲ್ಸಿಂಕಿಗೇ ಹೋಗಬೇಕು. ಅಲ್ಲಿ ಈ ಕೆಲಸ ಮಾಡುವುದು ಹೆಲೆನ್ ಎಂಬ ಕಂಪನಿ. ಅದರ ಒಡೆತನ ನಗರದ್ದೇ. ಊರಿನ ಹತ್ತರಲ್ಲಿ ಒಂಬತ್ತು ಕಟ್ಟಡಗಳಿಗೆ ಬಿಸಿ ಬರುವುದು ಕೊಳವೆಯಿಂದ.

ರಸ್ತೆಯ ಕೆಳಗೆ ಜೋಡಿ ಕೊಳವೆ. ಒಂದು ಹೋಗುವುದಕ್ಕೆ, ಇನ್ನೊಂದು ಬರುವುದಕ್ಕೆ. ಸ್ಟೀಲ್ ಕೊಳವೆ, ಅದರ ಮೇಲೆ ದಪ್ಪ ಫೋಮ್, ಹೊರಗೆ ಪ್ಲಾಸ್ಟಿಕ್ ಕವಚ. ಹೊರಗಿನ ಚಳಿ ನೋಡಿಕೊಂಡು 65ರಿಂದ 115 ಡಿಗ್ರಿವರೆಗಿನ ನೀರು ಹೊರಡುತ್ತದೆ. ನೂರು ದಾಟಿದರೂ ಕುದಿಯುವುದಿಲ್ಲ, ಒತ್ತಡ ಇರುತ್ತದಲ್ಲ. ಈ ನೀರು ಮನೆಯ ನಲ್ಲಿಗೆ ಬರುತ್ತದೆ ಅಂದುಕೊಳ್ಳಬೇಡಿ. ಕಟ್ಟಡದ ನೆಲಮಾಳಿಗೆಯ ಸಣ್ಣ ಕೋಣೆಯಲ್ಲಿ ತೆಳು ತಗಡುಗಳನ್ನು ಒತ್ತೊತ್ತಾಗಿ ಜೋಡಿಸಿದ ಪೆಟ್ಟಿಗೆ ಇರುತ್ತದೆ. ತಗಡಿನ ಒಂದು ಮಗ್ಗುಲಲ್ಲಿ ಊರಿನ ನೀರು, ಇನ್ನೊಂದು ಮಗ್ಗುಲಲ್ಲಿ ಕಟ್ಟಡದ ನೀರು. ನೀರು ಬೆರೆಯುವುದಿಲ್ಲ, ಬಿಸಿ ಮಾತ್ರ ದಾಟುತ್ತದೆ. ಬಿಸಿಯಾದ ಕಟ್ಟಡದ ನೀರು ಕಿಟಕಿಯ ಕೆಳಗಿನ ರೇಡಿಯೇಟರ್‌ಗಳಿಗೆ, ಅಂದರೆ ಕೋಣೆಯನ್ನು ಬೆಚ್ಚಗಿಡುವ ಲೋಹದ ಪಟ್ಟಿಗಳಿಗೆ, ಹರಿಯುತ್ತದೆ. ಊರಿನ ನೀರು ಬಿಸಿ ಕೊಟ್ಟು ವಾಪಸ್ ಹೋಗುತ್ತದೆ. ಮೀಟರ್ ಇರುವುದೂ ಅಲ್ಲೇ. ಎಷ್ಟು ನೀರು ಹರಿಯಿತು, ಬರುವಾಗ ಎಷ್ಟು ಬಿಸಿಯಿತ್ತು, ಹೋಗುವಾಗ ಎಷ್ಟಿತ್ತು ಅಂತ ಅದು ಲೆಕ್ಕ ಇಡುತ್ತದೆ. ಬಿಲ್ಲು ಬಿಸಿಗೆ, ನೀರಿಗಲ್ಲ.

ಸರಿ, ಬಿಸಿ ಎಲ್ಲಿಂದ? ಬಹಳ ವರ್ಷ ಕಲ್ಲಿದ್ದಲಿನಿಂದ. ಕರೆಂಟ್ ತಯಾರಿಸುವಾಗ ಉಳಿಯುವ ಬಿಸಿಯನ್ನೇ ಊರಿಗೆ ಹರಿಸುತ್ತಿದ್ದರು. ಹನಸಾರಿ ಸ್ಥಾವರ 2023ರಲ್ಲಿ ಮುಚ್ಚಿತು. ಸಾಲ್ಮಿಸಾರಿಯಲ್ಲಿ ಕಲ್ಲಿದ್ದಲು ಉರಿಸುವುದು 2025ರಲ್ಲಿ ನಿಂತಿತು.

ನನಗೆ ಬೆರಗು ಹುಟ್ಟಿಸುವುದು ಮಾತ್ರ 2006ರಲ್ಲಿ ಶುರುವಾದ ಇನ್ನೊಂದು ಸ್ಥಾವರ. ಅದಿರುವುದು ಕಾತ್ರಿ ವಾಲಾ ಪಾರ್ಕಿನ ಕೆಳಗೆ, ಬಂಡೆ ಕೊರೆದು ಮಾಡಿದ ಗುಹೆಯಲ್ಲಿ. ಕಾತ್ರಿ ವಾಲಾ ಒಬ್ಬ ಕವಯಿತ್ರಿ. ಪಾರ್ಕಿಗೆ ಅವರ ಹೆಸರು, ಪಾರ್ಕಿನಿಂದ ಸ್ಥಾವರಕ್ಕೆ. ಹಾಗಾಗಿ ಕವಯಿತ್ರಿಯ ಹೆಸರು ಒಳಚರಂಡಿ ನೀರಿಗೆ ಅಂಟಿಕೊಂಡಿದೆ, ಪಾಪ. ಊರಿನ ಕೊಳಚೆ ನೀರು ಶುದ್ಧವಾಗಿ ಸಮುದ್ರದ ಕಡೆ ಹೊರಟಾಗ, ಇಲ್ಲಿನ ಹೀಟ್ ಪಂಪ್‌ಗಳು ಅದರಲ್ಲಿ ಉಳಿದ ಬಿಸಿಯನ್ನು ಹೀರುತ್ತವೆ. ಚಳಿಗಾಲದಲ್ಲಿ ಆ ನೀರು ಮುಟ್ಟಿದರೆ ತಣ್ಣಗೇ ಇರುತ್ತದೆ. ಅದರಲ್ಲೇನು ಬಿಸಿ ಅಂತೀರಾ? ನಿಮ್ಮ ಫ್ರಿಜ್ಜಿನ ಹಿಂಭಾಗವನ್ನೋ ಪಕ್ಕವನ್ನೋ ಮುಟ್ಟಿ ನೋಡಿ. ಬೆಚ್ಚಗಿರುತ್ತದೆ, ಅಲ್ವಾ? ಒಳಗಿನ ಹಾಲು, ತರಕಾರಿ, ನಿನ್ನೆಯ ಸಾರಿನಿಂದ ತೆಗೆದ ಬಿಸಿ ಅದು. ಹೀಟ್ ಪಂಪ್ ಮಾಡುವುದೂ ಅದನ್ನೇ. ಒಂದಿಷ್ಟು ಕರೆಂಟ್ ತಿಂದು, ತಣ್ಣನೆಯ ಕಡೆಯಿಂದ ಬಿಸಿಯನ್ನು ಎತ್ತಿ ಬಿಸಿಯ ಕಡೆಗೆ ಹಾಕುತ್ತದೆ.

ಬೇಸಿಗೆಯಲ್ಲಿ ಇದೇ ಯಂತ್ರ ತಂಪನ್ನೂ ಕೊಡುತ್ತದೆ. ಬೇರೆಯದೇ ಕೊಳವೆಯಲ್ಲಿ ಸುಮಾರು 8 ಡಿಗ್ರಿ ನೀರು ಆಫೀಸು, ಅಂಗಡಿಗಳಿಗೆ ಹೋಗಿ, 16 ಡಿಗ್ರಿ ಆಗಿ ಹಿಂದಿರುಗುತ್ತದೆ. ಹೊತ್ತು ತಂದ ಬಿಸಿಯನ್ನು ಹೀಟ್ ಪಂಪ್ ತೆಗೆದು ಬಿಸಿನೀರಿನ ಕೊಳವೆಗೆ ದಾಟಿಸುತ್ತದೆ. ಅಂದರೆ ಒಬ್ಬರ ಆಫೀಸಿನ ಸೆಕೆ ಇನ್ನೊಬ್ಬರ ಸ್ನಾನದ ನೀರು. ಉಸ್ಪೆನ್‌ಸ್ಕಿ ಕೆಥೆಡ್ರಲ್ಲಿನ ಕೆಳಗೆ, ಯುದ್ಧಕಾಲದ ಹಳೇ ಆಶ್ರಯದಾಣದಲ್ಲಿ ಡೇಟಾ ಸೆಂಟರ್ ಮಾಡಿದಾಗ, ಅಲ್ಲಿನ ಕಂಪ್ಯೂಟರ್‌ಗಳ ಬಿಸಿಯನ್ನೂ ಹೀಗೇ ಮನೆಗಳಿಗೆ ಹರಿಸಿದರು. ಎಸ್ಪ್ಲನಾಡಿ ಪಾರ್ಕಿನ ಕೆಳಗಂತೂ 2.5 ಕೋಟಿ ಲೀಟರಿನ ತಣ್ಣೀರಿನ ಸಂಪೇ ಇದೆ. ರಾತ್ರಿ ತಂಪು ಮಾಡಿಟ್ಟು ಹಗಲು ಬಳಸುತ್ತಾರೆ.

ತೊಡಕಿಲ್ಲವೇ? ಇದೆ. ಕೊಳವೆ ಹೂಳುವುದಕ್ಕೆ ದುಡ್ಡು ಜಾಸ್ತಿ, ದಾರಿಯಲ್ಲಿ ಬಿಸಿಯೂ ಸೋರುತ್ತದೆ. ಕಟ್ಟಡಗಳು ಒತ್ತೊತ್ತಾಗಿ ಇದ್ದರಷ್ಟೇ ಲೆಕ್ಕ ಹೊಂದುತ್ತದೆ, ತೋಟದ ಮನೆಗಳಿಗೆ ಇದು ಸುಮ್ನೆ ದಂಡ. ಒಮ್ಮೆ ಕೊಳವೆಗೆ ಸೇರಿಕೊಂಡ ಮೇಲೆ ಕಂಪನಿ ಹೇಳಿದ್ದೇ ದರ.

ನಮ್ಮಲ್ಲಿ ಬಹುಪಾಲು ಊರುಗಳಿಗೆ ಬೇಕಿರುವುದು ಈ ಏರ್ಪಾಡಿನ ಅರ್ಧ ಮಾತ್ರ, ತಂಪಿನ ಅರ್ಧ. ಗುಜರಾತಿನ ಗಿಫ್ಟ್ ಸಿಟಿಯಲ್ಲಿ ಅದು ನಡೆಯುತ್ತಿದೆ. ಒಂದೇ ಸ್ಥಾವರದಿಂದ ತಣ್ಣೀರು ಹೊರಟು ಗೋಪುರದಂಥ ಕಟ್ಟಡಗಳಿಗೆ ಹೋಗುತ್ತದೆ. ಅಲ್ಲಿ ಹೊರಬಿದ್ದ ಬಿಸಿಗೆ ಗಿರಾಕಿಯಿಲ್ಲ. ಅದು ಗಾಳಿಗೇ ಹೋಗುತ್ತದೆ.